ಸೊಣ್ಣಮ್ಮ ಎತ್ತಿಕೊಂಡ ಪರಂಗಿ ಹೋಳು

ನಮ್ಮತ್ತೆ ಸೊಣ್ಣಮ್ಮನವರ ಕಣ್ಣಿನ ವಿಚಾರ ಮೊದಲು ಹೇಳಿಬಿಡುತ್ತೇನೆ. ಹೆಂಗಸೊಬ್ಬಳು ಗೇಟು ದಾಟಿ ಅಂಗಳಕ್ಕೆ ಬರುವಷ್ಟರಲ್ಲಿ ಅವಳು ಬಸುರಿಯೋ ಅಲ್ಲವೋ ಅನ್ನುವುದು ಅವರಿಗೆ ಗೊತ್ತಾಗಿಬಿಡುತ್ತದಂತೆ. ನಡಿಗೆ ನೋಡಬೇಕಂತೆ, ಕೊರಳಿನ ಬಣ್ಣ ನೋಡಬೇಕಂತೆ. ಹಾಲಿಗೆ ಬರುವ ಜಾಹಿದಾಗೆ ಅವಳಿಗೇ ತಿಳಿಯುವ ಮುಂಚೆ ಹೇಳಿದ್ದು ನಿಜ. ಆ ಒಂದು ನಿಜವನ್ನು ಹಿಡಿದುಕೊಂಡು ಊರೆಲ್ಲ ಮೆರೆದರು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಮುಖವನ್ನೂ ದಿನಾ ಬೆಳಿಗ್ಗೆ ಹೀಗೇ ನೋಡುತ್ತಿದ್ದರು. ನೋಡಿ ಕಾಫಿ ಲೋಟ ಕುಕ್ಕುತ್ತಿದ್ದರು. ಮಗಳು ಹುಟ್ಟುವವರೆಗೂ ಆ ಸದ್ದು ಕೇಳಿದ್ದೇನೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ರಾಜಾನುಕುಂಟೆ ದಾಟಿ ಒಳಗೆ ಬಂದರೆ ನಮ್ಮ ಮನೆ. ಸುತ್ತಮುತ್ತಲಿನವರೆಲ್ಲ ಹೊಲಗಳನ್ನು ಲೇಔಟ್ ಮಾಡಿದರು. ನನ್ನ ಯಜಮಾನರು ಗಿರಿ ಮಾತ್ರ ಹಳೇ ಮನೆಗೆ ಸುಣ್ಣ ಹೊಡೆಸಿ, ಹಿತ್ತಲಲ್ಲಿ ನಾಲ್ಕು ರೂಮು ಕಟ್ಟಿಸಿ, ಊಟ ವಸತಿ ಅಂತ ಬೋರ್ಡು ಹಾಕಿದರು. ಶನಿವಾರ ಬಂತೆಂದರೆ ಯಲಹಂಕ, ಹೆಬ್ಬಾಳದ ಕಡೆಯ ಜನ ಕಾರು ತುಂಬಿಕೊಂಡು ಬರುತ್ತಾರೆ. ಹಸುವಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಮುದ್ದೆಯನ್ನು ಚಮಚದಲ್ಲಿ ಚುಚ್ಚುತ್ತಾರೆ, ರೂಮಲ್ಲಿ ಹಲ್ಲಿ ಕಂಡರೆ ಹುಲಿ ಕಂಡ ಹಾಗೆ ಓಡಿ ಬರುತ್ತಾರೆ.

ಅತ್ತೆಗೆ ಇವರು ಯಾರೂ ಗಿರಾಕಿಗಳಲ್ಲ, ನೆಂಟರು. ಉಣ್ಣುವವರ ಬೆನ್ನ ಹಿಂದೆ ಸೊಂಟಕ್ಕೆ ಕೈಕೊಟ್ಟು ನಿಂತಿರುತ್ತಾರೆ. ಸಾಕು ಅಂದರೆ ಕಿವಿಗೆ ಬೀಳುವುದಿಲ್ಲ. ಅವರನ್ನು ಅವರ ಪಾಡಿಗೆ ಬಿಡವ್ವ ಅಂತ ಗಿರಿ ಎಷ್ಟೋ ಸಲ ಹೇಳಿ ಸೋತರು. ಹೊರಡುವ ಹೆಂಗಸರಿಗೆ ಕುಂಕುಮ ಕೊಟ್ಟು, ಮುಂದಿನ ಸಲ ಮಗೂನ ಎತ್ತಿಕೊಂಡು ಬಾ ಅಂತ ಹರಸುವುದೂ ಅವರದೇ ಪದ್ಧತಿ. ಮದುವೆಯಾಗದ ಹುಡುಗಿಯರಿಗೂ ಅದೇ ಹರಕೆ. ಅವರು ನಕ್ಕು ಹೋಗುತ್ತಿದ್ದರು, ನಾನು ಒಳಗೆ ತಲೆ ಚಚ್ಚಿಕೊಳ್ಳುತ್ತಿದ್ದೆ.

ಈ ಸಲ ಬೇಸಿಗೆ ಶುರುವಾಗುವಾಗ ಬಾಗಲಗುಂಟೆಯಿಂದ ಮೂವರು ಬಂದರು. ಶರಣು ಅಂತ, ಫ್ಯಾಕ್ಟರಿಯಲ್ಲಿ ಕೆಲಸ. ಜೊತೆಗೆ ಹೆಂಡತಿ ಭಾಗ್ಯಶ್ರೀ, ಕುಷ್ಟಗಿ ಕಡೆಯ ಊರಿಂದ ಬಂದಿದ್ದ ತಾಯಿ ಚಂದ್ರವ್ವ. ಚಂದ್ರವ್ವನಿಗೂ ಅತ್ತೆಗೂ ಬಂದ ಗಳಿಗೆಯಲ್ಲೇ ಕೂಡಿಬಿಟ್ಟಿತು. ರೊಟ್ಟಿ ದೊಡ್ಡದೋ ಮುದ್ದೆ ದೊಡ್ಡದೋ ಅಂತ ಒಬ್ಬರ ಕಾಲನ್ನೊಬ್ಬರು ಎಳೆಯುತ್ತಾ ಜಗಲಿಯಲ್ಲಿ ಕೂತರು. ಭಾಗ್ಯಶ್ರೀ ಮಾತ್ರ ಹೆಚ್ಚು ಮಾತಾಡಲಿಲ್ಲ. ಮುಖ ತುಂಬಿಕೊಂಡಿತ್ತು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದಳು. ಅತ್ತೆ ಅದನ್ನು ನೋಡಿದರು. ಅವರು ನೋಡಿದ್ದನ್ನು ನಾನೂ ನೋಡಿದೆ.

ಮಧ್ಯಾಹ್ನ ಮುದ್ದೆ, ಬಸ್ಸಾರು, ಅನ್ನ ಮಜ್ಜಿಗೆ ಎಲ್ಲ ಆಯಿತು. ಕೊನೆಗೆ ನಮ್ಮ ಗಿಡದ್ದೇ ಪರಂಗಿ ಹಣ್ಣನ್ನು ಕೊಯ್ದು ಇಟ್ಟೆ. ಭಾಗ್ಯಶ್ರೀ ಒಂದು ಹೋಳು ತಟ್ಟೆಗೆ ಹಾಕಿಕೊಂಡಳು. ಹಿಂದಿನಿಂದ ಅತ್ತೆಯ ಕೈ ಬಂತು. ಹೋಳನ್ನು ಅವಳ ತಟ್ಟೆಯಿಂದಲೇ ಎತ್ತಿಕೊಂಡಿತು.

"ಬ್ಯಾಡ ಕಣವ್ವ. ಒಟ್ಟೇಲಿ ಒಂದ್ ಜೀವ ಇಟ್ಕಂಡು ಪರಂಗಿ ತಿನ್ಬಾರ್ದು."

ಚಂದ್ರವ್ವನ ಕೈ ಬಾಯಿಯ ಹತ್ತಿರವೇ ನಿಂತಿತು. ಸೊಸೆಯ ಮುಖ ನೋಡಿದರು, ಮಗನ ಮುಖ ನೋಡಿದರು. ಮದುವೆಯಾಗಿ ಎಂಟು ವರ್ಷವಾಗಿತ್ತಂತೆ. ಎದ್ದು ಬಂದು, ಎಂಜಲು ತಾಗದ ಹಾಗೆ ಅಂಗೈ ದೂರ ಹಿಡಿದು, ಮೊಣಕೈಗಳಲ್ಲೇ ಸೊಸೆಯ ಕೊರಳು ತಬ್ಬಿಕೊಂಡರು. ನನ್ನ ಮುಂದೆ ಯಾಕೆ ಹೇಳಲಿಲ್ಲ ಅಂತ ಅಳುತ್ತಾ ನಗುತ್ತಾ ಕೇಳಿದರು. ಭಾಗ್ಯಶ್ರೀ ಗಂಡನನ್ನು ನೋಡಿದಳು, ಶರಣು ತಟ್ಟೆ ನೋಡುತ್ತಿದ್ದ. ಇಬ್ಬರೂ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನಾನು ನಾಚಿಕೆ ಅಂದುಕೊಂಡೆ. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಊಟವಾದ ಮೇಲೆ ಚಂದ್ರವ್ವ ಜಗಲಿಯಲ್ಲಿ ಕೂತು ಊರಿಗೆಲ್ಲ ಫೋನು ಹಚ್ಚಿದರು. ತಂಗಿಗೆ, ನಾದಿನಿಗೆ, ಪಕ್ಕದ ಮನೆಯವರಿಗೆ. ಸಕ್ಕರೆ ಹಂಚಿ ಅನ್ನುವುದು ಹಿತ್ತಲಿಗೂ ಕೇಳುತ್ತಿತ್ತು. ಅಲ್ಲಿ ನಾನೂ ಅತ್ತೆಯೂ ಸೊಪ್ಪು ಬಿಡಿಸುತ್ತಿದ್ದೆವು. ಭಾಗ್ಯಶ್ರೀ ಬಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತಳು.

"ನನಗೇನೂ ಇಲ್ರಿ ಅಜ್ಜಿ," ಅಂದಳು. "ದವಾಖಾನಿ ಇಂಜೆಕ್ಷನ್ನಿಗೆ ಮೈ ಬಾತೈತ್ರಿ. ಇನ್ನ ಆಗಂಗಿಲ್ಲ ಅಂತ ಮೊನ್ನೆ ಡಾಕ್ಟರು ಹೇಳ್ಯಾರ."

ಆಮೇಲೆ ಮೆಲ್ಲಗೆ ಉಳಿದದ್ದನ್ನೂ ಹೇಳಿದಳು. ಚಂದ್ರವ್ವನಿಗೆ ಇದು ಗೊತ್ತಿಲ್ಲ. ವಠಾರದ ಮನೆಯಲ್ಲಿ ಹೇಳಿದರೆ ಗೋಡೆಯಾಚೆಗೂ ಕೇಳುತ್ತದೆ. ನೆಮ್ಮದಿಯಾದ ಜಾಗದಲ್ಲಿ ಕೂರಿಸಿ, ಊಟ ಮಾಡಿಸಿ, ನಿಧಾನಕ್ಕೆ ಹೇಳೋಣ ಅಂತಲೇ ಗಂಡ ಹೆಂಡತಿ ಆಕೆಯನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದರು. ಅಷ್ಟರಲ್ಲಿ ಹೀಗಾಯಿತು. ಆ ಖುಷಿಯ ಮುಖಕ್ಕೆ ಇಲ್ಲ ಅನ್ನಲು ತನಗೆ ಬಾಯಿ ಬರಲಿಲ್ಲ ಅಂದಳು.

ನನಗೆ ಅತ್ತೆಯ ಮೇಲೆ ಎಂಥ ಸಿಟ್ಟು ಬಂತು ಅಂದರೆ, ಇಷ್ಟು ವರ್ಷ ನುಂಗಿದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು, ಮಡಿಲಿನ ಸೊಪ್ಪು ನೆಲಕ್ಕೆ ಜಾರಿದ್ದೂ ಅವರಿಗೆ ಗೊತ್ತಾಗಿರಲಿಲ್ಲ. ಸಿಟ್ಟು ಹೋಗಿ ನನಗೂ ನಾಚಿಕೆಯಾಯಿತು. ನಮ್ಮನ್ನು ನಂಬಿ ಬಂದವರ ತಟ್ಟೆಗೆ ಕೈ ಹಾಕಿದ ಮನೆ ನಮ್ಮದು.

ಸಂಜೆ ತನ್ನ ಗಂಡನೇ ತಾಯಿಗೆ ಹೇಳುತ್ತಾನೆ ಅಂತ ಭಾಗ್ಯಶ್ರೀ ಅಂದಳು. ಅತ್ತೆ ತಲೆಯಾಡಿಸಿದರು. ತಾನು ಆಡಿದ ಮಾತು, ತಾನೇ ವಾಪಸು ತೆಗೆದುಕೊಳ್ಳುತ್ತೇನೆ ಅಂತ ಎದ್ದರು. ಈ ಮನೆಯಲ್ಲಿ ಅವರು ತಪ್ಪಾಯಿತು ಅಂದದ್ದನ್ನು ನಾನು ಒಂದು ದಿನವೂ ಕೇಳಿದವಳಲ್ಲ. ನಾನೂ ಭಾಗ್ಯಶ್ರೀಯೂ ಹಿಂದೆಯೇ ಹೋದೆವು.

ಚಂದ್ರವ್ವ ಇನ್ನೂ ಫೋನಿನಲ್ಲಿದ್ದರು. ಅತ್ತೆ ಅವರ ಪಕ್ಕ ಕೂರಲಿಲ್ಲ, ಕೆಳಗಿನ ಮೆಟ್ಟಿಲ ಮೇಲೆ ಕೂತರು.

"ನನ್ ಕಣ್ಗೆ ಮಣ್ಣಾಕ. ತೆಪ್ಪೇಳ್ಬುಟ್ಟೆ ಕಣವ್ವ. ನಿನ್ ಸೊಸೆ ಬಸ್ರಿ ಅಲ್ಲ."

ಚಂದ್ರವ್ವನ ಫೋನು ಕಿವಿಯಿಂದ ಕೆಳಗಿಳಿಯಿತು. ಆ ಕಡೆಯಿಂದ ಯಾರೋ ಹಲೋ ಹಲೋ ಅನ್ನುತ್ತಿದ್ದರು. ಹಾಗಾದರೆ ಇವಳು ಸುಮ್ಮನೆ ಯಾಕೆ ಕೂತಿದ್ದಳು ಅಂತ ಅವರು ಸೊಸೆಯ ಕಡೆ ತಿರುಗಿದರು.

"ಅವಳನ್ನ ಏನೂ ಅನ್ಬ್ಯಾಡ," ಅಂದರು ಅತ್ತೆ. "ಆ ಕೂಸು ಒಂದ್ ಮಾತೂ ಆಡ್ನಿಲ್ಲ. ಆಡ್ದೋಳು ನಾನು. ಬೈಯಂಗಿದ್ರೆ ನನ್ ಬೈಯಿ."

ಚಂದ್ರವ್ವ ಬೈಯಲಿಲ್ಲ. ಬೈದಿದ್ದರೆ ಅತ್ತೆಗೆ ಎಷ್ಟೋ ಹಗುರವಾಗುತ್ತಿತ್ತು. ಎದ್ದು ರೂಮಿಗೆ ಹೋದರು, ಮಗ ಸೊಸೆಯೂ ಹೋದರು, ಬಾಗಿಲು ಹಾಕಿಕೊಂಡಿತು. ಉಳಿದದ್ದನ್ನು ಅವರೇ ಒಳಗೆ ಹೇಳಿರಬೇಕು. ಸಂಜೆಯ ಊಟವನ್ನು ನಾನು ಬಾಗಿಲಿಗೇ ಕೊಟ್ಟು ಬಂದೆ. ಅತ್ತೆ ಒಂದು ತುತ್ತು ಮುಟ್ಟಲಿಲ್ಲ.

ಬೆಳಿಗ್ಗೆ ತಿಂಡಿಗೆ ಅಕ್ಕಿ ರೊಟ್ಟಿ ಮಾಡಿದ್ದೆ. ಪರಂಗಿಯನ್ನು ಬೇಕೆಂದೇ ಒಳಗಿಟ್ಟು ಬಾಳೆಹಣ್ಣು ತಂದಿಟ್ಟೆ. ಚಂದ್ರವ್ವ ಅದನ್ನು ಪಕ್ಕಕ್ಕೆ ಸರಿಸಿ, ಪಪ್ಪಾಯಿ ಇಲ್ಲವೇನು ಅಂತ ಕೇಳಿದರು. ನಾನು ಒಳಗೆ ಬಂದೆ. ಅತ್ತೆಗೆ ಕೇಳಿಸಿತ್ತು. ಈಳಿಗೆಮಣೆ ಎಳೆದುಕೊಂಡು ಅವರೇ ಹಣ್ಣು ಕೊಯ್ದರು, ಬೀಜ ತೆಗೆದರು, ಆದರೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಚಂದ್ರವ್ವ ಎಲ್ಲಕ್ಕಿಂತ ದೊಡ್ಡ ಹೋಳನ್ನು ಆರಿಸಿ ಸೊಸೆಯ ತಟ್ಟೆಗೆ ಹಾಕಿದರು.

"ತಿನ್ನವ್ವ. ನಿನಗ ಸೇರತೈತಿ."

ಭಾಗ್ಯಶ್ರೀ ತಲೆ ಬಗ್ಗಿಸಿಕೊಂಡು ತಿಂದಳು. ಅವಳು ಮುಗಿಸುವವರೆಗೆ ಚಂದ್ರವ್ವ ನೋಡುತ್ತಲೇ ಇದ್ದು, ಆಮೇಲೆ ತಮ್ಮ ಸೆರಗಿನಿಂದ ಅವಳ ಗಲ್ಲ ಒರೆಸಿದರು. ಶರಣು ಎದ್ದು ಹೊರಗೆ ಹೋದ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಗೋಡೆಗೆ ಒರಗಿ ನಿಂತಿದ್ದರು.

ಹೊರಡುವಾಗ ಕುಂಕುಮ ಕೊಡಲು ನೀನೇ ಹೋಗು ರಾಧಾಮಣಿ ಅಂತ ಅತ್ತೆ ನನ್ನ ಮೇಲೆ ಹಾಕಿದರು. ನಾನು ಒಪ್ಪಲಿಲ್ಲ, ಕೈ ಹಿಡಿದು ಎಳೆದುಕೊಂಡೇ ಬಂದೆ. ಭಾಗ್ಯಶ್ರೀ ಕುಂಕುಮ ಇಟ್ಟುಕೊಂಡು ನಮಸ್ಕಾರ ಮಾಡಲು ಬಗ್ಗಿದಳು. ಅತ್ತೆಯ ತುಟಿ ರೂಢಿಯಂತೆ ಅಲುಗಿತು. ಯಾವ ಹರಕೆ ಬರುತ್ತಿದೆ ಅಂತ ನನಗೆ ಗೊತ್ತಾಯಿತು. ಬರಲಿಲ್ಲ. ಅತ್ತೆ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ನನ್ ಕಾಲ್ ಮುಟ್ಬ್ಯಾಡ ಕಣವ್ವ," ಅಂದರು. "ಬ್ಯಾಡ."

ಅವರ ಕಾರು ಹೋದ ಸ್ವಲ್ಪ ಹೊತ್ತಿಗೆ ಮಧ್ಯಾಹ್ನದ ಊಟದವರ ಕಾರು ಬಂದು ನಿಂತಿತು. ಮೊದಲು ಇಳಿದವಳು ಒಬ್ಬ ಹೆಂಗಸು. ಗೇಟು ದಾಟಿ, ನಗುತ್ತಾ, ನಮಸ್ಕಾರ ಅಜ್ಜಿ ಅಂದಳು. ಅತ್ತೆ ನೆಲ ನೋಡಿಕೊಂಡೇ ನಮಸ್ಕಾರ ಅಂದು, ಕುಂಕುಮದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕೊಟ್ಟಿಗೆಯ ಕಡೆ ನಡೆದರು.