ಹಸಿರು ಗಾಜಿನ ಮೇಲೆ ಮೂರು ಬೆರಳು

ಶಿರಗುಪ್ಪಿಯ ಫಕೀರಪ್ಪ ಹುಬ್ಬಳ್ಳಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಜವಾನ. ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತೆಂದರೆ ಅವನನ್ನು ಹಿಡಿಯುವವರಿಲ್ಲ. ಅವನಪ್ಪ ನೇಗಿಲಿಗೆ ಹಚ್ಚುತ್ತಿದ್ದ ವಿಭೂತಿಯನ್ನು ಇವನು ಲ್ಯಾಬಿನ ತಕ್ಕಡಿಗೆ, ಪಂಪಿಗೆ, ಕೊನೆಗೆ ನನ್ನ ಲೂನಾಕ್ಕೂ ಹಚ್ಚುತ್ತಿದ್ದ. ಊರಿನಿಂದ ತಂದ ಸಗಣಿ ಬೂದಿ, ಮೂರು ಬೆರಳು, ಮೂರು ಗೆರೆ. ಅಲ್ಲಿ ಪಾಠ ಹೇಳುತ್ತಿದ್ದ ನನಗೆ ಬೈದು ಬೈದು ಬಾಯಿ ಸೋತಿತ್ತು.

೨೦೦೪ರಲ್ಲಿ ಧಾರವಾಡದ ಸುಹಾಸಿನಿ ಎಂಬ ಹುಡುಗಿ ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣ, ಒಂದೇ ಅಳತೆಯ ಪ್ಲಾಸ್ಟಿಕ್ ಗುಂಡುಗಳನ್ನು ನೀರಿನಲ್ಲಿ ತಾವಾಗಿ ಸಾಲುಗಟ್ಟಲು ಬಿಟ್ಟು, ಗಾಜಿನ ಮೇಲೆ ಮೆತ್ತನೆಯ ಪದರದಲ್ಲಿ ಹಿಡಿದಿಡುತ್ತಿದ್ದಳು. ಬಣ್ಣ ಬೆರೆಸದೆಯೇ ಅದು ಹಸಿರಾಗಿ ಹೊಳೆಯುತ್ತಿತ್ತು. ನವಿಲುಗರಿಯ ಹಾಗೆ, ಸಾಲುಗಳ ಅಂತರದಿಂದ ಹುಟ್ಟಿದ ಬಣ್ಣ. ಪದರಕ್ಕೆ ಆಮ್ಲದ ಗುಣವನ್ನೂ ಸೇರಿಸಿದ್ದಳು. ಕ್ಷಾರ ತಾಗಿದರೆ ಉಬ್ಬಿ, ಅಂತರ ಹೆಚ್ಚಿ ಕೆಂಪಾಗಬೇಕು, ಆಮ್ಲ ತಾಗಿದರೆ ಮತ್ತೆ ಹಸಿರಾಗಬೇಕು. ಆದರೆ ಕ್ಷಾರದಲ್ಲಿ ಅದ್ದಿದ ಕೂಡಲೇ ಪದರವೇ ಗಾಜಿನಿಂದ ಕಿತ್ತು ಬರುತ್ತಿತ್ತು. ದೀಪಾವಳಿಯೊಳಗೆ ಆಗದಿದ್ದರೆ ವಿಷಯ ಬದಲಿಸು ಎಂದು ಗೈಡ್ ಹೇಳಿಬಿಟ್ಟಿದ್ದರು. ಅಂದರೆ ಮೂರು ವರ್ಷದ ಕೆಲಸ ಮಣ್ಣುಪಾಲು.

ಆ ಸಲದ ಖಂಡೇಪೂಜೆಯ ದಿನ ಆಕೆ ಬಂದು ನೋಡಿದರೆ, ಉಳಿದಿದ್ದ ಒಂದೇ ಒಂದು ಗಾಜಿನ ಮೇಲೆ ಒದ್ದೆ ವಿಭೂತಿ!

"ಯಾರಿದನ್ನ ಮುಟ್ಟಿದ್ದು?" ಎಂದು ಚೀರಿದಳು.

"ನಾನರಿ ಬಾಯಾರ," ಎಂದ ಫಕೀರಪ್ಪ. "ಎಲ್ಲಾದಕ್ಕೂ ಹಚ್ಚೇನಿ, ಇದೊಂದನ್ನ ಹೆಂಗ ಬಿಡ್ಲಿರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಏ ಮಾರಾಯಾ, ಆ ಹುಡುಗಿ ಬಾಳೇ ಹಾಳ ಮಾಡಿದ್ಯಲ್ಲೋ!" ಎಂದೆ. ಅವನ ಮುಖ ಸಪ್ಪಗಾಯಿತು.

ಸುಹಾಸಿನಿ ಮಾತ್ರ ಗಾಜನ್ನು ತಿರುವಿ ಕಿಟಕಿಗೆ ಹಿಡಿದು ನಿಂತೇ ಇದ್ದಳು. ಹಸಿರಿನ ನಡುವೆ ಮೂರು ಕೆಂಪು ಗೆರೆ. ಸಗಣಿ ಬೂದಿಯೂ ಕ್ಷಾರವೇ. ಗೆರೆಯಷ್ಟಕ್ಕೇ ತಾಗಿದ್ದರಿಂದ ಪದರ ಗಾಜು ಬಿಟ್ಟಿರಲಿಲ್ಲ. ಬೂದಿ ತೊಳೆದು, ಆಮ್ಲದ ಹನಿ ಬಿಟ್ಟಳು. ಕೆಂಪು ಮೆಲ್ಲಗೆ ಮಾಯವಾಗಿ ಇಡೀ ಗಾಜು ಹಸಿರಾಯಿತು. ಆಕೆಯ ಕಣ್ಣು ತುಂಬಿ ಬಂತು.

ಫಕೀರಪ್ಪನ ಜೀವ ಚುರ್ ಎಂದಿತು. "ದೇವರ ಗುರ್ತಾ ಅಳಿಸಿಬಿಟ್ರಲ್ರಿ ಬಾಯಾರ..."

"ಅಳಿಸಿ ಹೋತಲ್ಲ ಕಾಕಾ, ಅದಕ್ಕ ನಾ ಪಾಸು!"

ಅವನು ನನ್ನ ಮುಖ ನೋಡಿದ, ಗಾಜು ನೋಡಿದ. ಆಮೇಲೆ ವಿಭೂತಿಯ ಬಟ್ಟಲನ್ನು ಹತ್ತಿರ ಎಳೆದುಕೊಂಡ.

"ಹಂಗಾರ ತಡೀರಿ, ಇನ್ನೊಮ್ಮೆ ಹಚ್ತೇನಿ."