ಮೊದಲ ಡಬ್ಬಿ ನೋಡಿ ‘ಇಲ್ಲ’ ಎಂದವರು

ಮಾಲು ಮುಟ್ಟದೆ ದರ ಹೇಳುವವನು ನಾನು. ಕಂಪ್ಯೂಟರ್ ಟೀಚರಮ್ಮನನ್ನೂ ಮೊದಲ ದಿನವೇ ಅಳೆದೆ: ಕನ್ನಡಕದ ಕಡ್ಡಿಗೆ ದಾರ, ಎರಡು ಸಲ ಹೊಲಿಸಿದ ಚಪ್ಪಲಿ, ಸ್ವಲ್ಪ ಬಾಗಿದ ಬೆನ್ನು, ನಾಲಿಗೆ ಮಾತ್ರ ಹೊಚ್ಚ ಹೊಸದು. ಹಳೇ ಸ್ಟಾಕು ಅಂದುಕೊಂಡೆ. ಅಳತೆ ತಪ್ಪಿತ್ತು.

ನನ್ನದು ನಟ್ಟು ಬೋಲ್ಟಿನ ಅಂಗಡಿ. ಯಾವ ಮಾಲು ಎಲ್ಲಿದೆ ಎಂದು ಯಂತ್ರವೇ ಹುಡುಕಲಿ ಎಂಬ ಆಸೆಗೆ ಐವತ್ತೆರಡನೇ ವಯಸ್ಸಿನಲ್ಲಿ ಕ್ಲಾಸಿಗೆ ಸೇರಿದೆ. ಕೂತದ್ದು ಮೊದಲ ಬೆಂಚಿನಲ್ಲಿ; ದುಡ್ಡು ಕೊಟ್ಟವನು ಹಿಂದೆ ಯಾಕೆ ಕೂರಬೇಕು?

ಟೀಚರಮ್ಮ ಹುಡುಕುವ ಪ್ರೋಗ್ರಾಂ ಬರೆಸಿದರು. ಪಟ್ಟಿಯ ಮೊದಲ ಹೆಸರು ನೋಡು. ಬೇಕಾದದ್ದು ಅದೇ ಆದರೆ ‘ಸಿಕ್ಕಿತು’ ಎನ್ನು. ಅಲ್ಲವಾದರೆ ಮುಂದಿನದಕ್ಕೆ ಹೋಗು. ಹೀಗೆ ಸುತ್ತುವ ಭಾಗಕ್ಕೆ ಲೂಪ್ ಎನ್ನುತ್ತಾರೆ. ಪಟ್ಟಿ ಪೂರ್ತಿ ಮುಗಿದ ಮೇಲಷ್ಟೇ ‘ಇಲ್ಲ’ ಎನ್ನಬೇಕು. ನಾನು ಆ ‘ಇಲ್ಲ’ವನ್ನು ಲೂಪಿನ ಒಳಗೇ ತುರುಕಿದ್ದೆ. ಮೊದಲನೆಯದು ಬೇರೆಯಾದ ಕೂಡಲೇ ನನ್ನ ಪ್ರೋಗ್ರಾಂ ಕೈ ಚೆಲ್ಲುತ್ತಿತ್ತು.

“ಏನ್ ಸಾಹುಕಾರ್ರೇ, ಒಂದು ಡಬ್ಬಿ ತೆಗೆದು ನೋಡಿ ಅಂಗಡೀಲೇ ಮಾಲಿಲ್ಲ ಅಂತೀರಾ? ಗಿರಾಕಿ ಓಡಿಹೋಗ್ತಾನೆ. ಆ ಸಾಲನ್ನ ಕೊನೆಗೆ ಹಾಕಿ.”

“ನಾಳೆ ಹಾಕ್ತೀನಿ ಬಿಡಿ ಟೀಚರಮ್ಮ.” ಮೂರು ದಿನವೂ ಅದೇ ನಾಳೆ.

ನಾಲ್ಕನೇ ದಿನ ಸಂಸ್ಥೆಯ ಮ್ಯಾನೇಜರ್ ಬಂದ. ಟೀಚರಮ್ಮನನ್ನು ಉಳಿಸಿಕೊಳ್ಳುವುದೋ ಕಳಿಸುವುದೋ ಎಂದು ಅಂದೇ ತೀರ್ಮಾನ. ಅವರ ತಂಗಿಯ ಮಗಳ ಓದು ಆ ಕೆಲಸದ ಮೇಲೆಯೇ ನಿಂತಿದೆ ಎಂದು ನಮಗೆಲ್ಲ ಗೊತ್ತಿತ್ತು. ಆತ ನೇರ ನನ್ನ ಬಳಿ ಬಂದು, ಪಟ್ಟಿಯಲ್ಲಿ ಮೂರನೆಯದಾಗಿದ್ದ ‘ವಾಷರ್’ ಎಂದು ಒತ್ತಿದ. ‘ಇಲ್ಲ’ ಎಂದಿತು ಪರದೆ.

“ಇಷ್ಟು ದಿನ ಕಲಿಸಿದ್ದು ಇದೇನಾ?”

“ಇನ್ನೂ ಹದಿನೈದು ಜನ ಇದ್ದಾರೆ ಸರ್. ಅವರದ್ದೂ ನೋಡಿ.”

“ಒಂದು ನೋಡಿದ್ರೆ ಸಾಕಮ್ಮ, ಗೊತ್ತಾಗುತ್ತೆ.”

“ಇವರ ಪ್ರೋಗ್ರಾಮೂ ಒಂದು ನೋಡಿದ್ರೆ ಸಾಕು ಅಂದ್ಕೊಂಡೇ ‘ಇಲ್ಲ’ ಅಂತು ನೋಡಿ ಸರ್!”

ಹಿಂದಿನ ಬೆಂಚು ಕಿಸಕ್ಕೆಂದಿತು. ಆತನ ಮುಖ ಕೆಂಪಾಯಿತು. ಸಂಜೆಯೊಳಗೆ ಟೀಚರಮ್ಮನ ಹೆಸರು ಬೋರ್ಡಿನಿಂದ ಮಾಯ.

ಎಂಥ ಅನ್ಯಾಯ! ಆಮೇಲೆ ಒಬ್ಬೊಬ್ಬರದ್ದನ್ನೂ ಕೂತು ನೋಡಿದೆ, ಹದಿನೈದೂ ಸರಿಯಾಗಿದ್ದವು. ನಾನು ತಕ್ಕಡಿ ಹಿಡಿದು ಹೀಗೆ ತೂಗಿದ್ದರೆ ಜನ ಬೀದಿಗೆಳೆಯುತ್ತಿದ್ದರು. ಆತನಿಗೆ ಮಾತ್ರ ಗಾಜಿನ ಕೋಣೆ, ತಿರುಗುವ ಕುರ್ಚಿ. ಅವನನ್ನು ಬಾಯಿತುಂಬ ಬೈದೆ, ಅವನು ಹೋದ ಮೇಲೆ. ಎದುರಿಗಿದ್ದಾಗ, ದಿನವಿಡೀ ಚೌಕಾಸಿ ಮಾಡುವ ಈ ಬಾಯಿಗೆ ಬೀಗ ಬಿದ್ದಿತ್ತು.

“ತಪ್ಪು ನನ್ನದು, ಇವರು ಮೂರು ಸಲ ಹೇಳಿದ್ದರು” ಎಂದು ಅಂದು ಹೇಳಬೇಕಿತ್ತು. ಆ ಒಂದು ಮಾತನ್ನು ಟೀಚರಮ್ಮನಿಗೆ ನಾನು ಇನ್ನೂ ಕೊಡಬೇಕಾಗಿದೆ.