ಲಾಯರಮ್ಮ ತಿರುಗಿಸಿ ತೋರಿಸಿದ ಮೂಳೆ

ಲಾಯರಮ್ಮನ ಕರಿ ಕೋಟು ಬೆನ್ನಿನ ಮೇಲೆ ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಚಿಂತಾಮಣಿ, ಶಿಡ್ಲಘಟ್ಟದ ಕೋರ್ಟುಗಳಿಗೆ ವರ್ಷಗಟ್ಟಲೆ ಸ್ಕೂಟರಿನಲ್ಲಿ ಓಡಾಡಿದ ಬಿಸಿಲು ಅದು. ಹೊಸದು ಹೊಲಿಸಿ ಅಂದರೆ, "ಜಡ್ಜು ನೋಡೋದು ನನ್ ಮುಖ ಕಣಮ್ಮ, ಬೆನ್ನಲ್ಲ" ಅನ್ನುತ್ತಿದ್ದರು.

ನಾನು ರೇಷ್ಮೆ ನೂಲು ತೆಗೆಯುವವಳು. ದಿಬ್ಬೂರಹಳ್ಳಿ ರಸ್ತೆಯಲ್ಲಿ ಟೆಂಪೊ ಗುದ್ದಿ ಬಲಗೈ ಮಣಿಕಟ್ಟು ಮುರಿಯಿತು. ಎಕ್ಸ್‌ರೇ ನೋಡಿದ ಡಾಕ್ಟರು ಆಪರೇಷನ್ ಅಂದ ಕೂಡಲೇ ಎದ್ದು ಬಂದೆ. ನಮ್ಮ ಕಡೆಯವರೆಲ್ಲ ಮಾಡುವ ಹಾಗೆ ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸಿಕೊಂಡೆ. ಮೂಳೆ ಕೂಡಿತು, ಕೈ ತಿರುಗಲಿಲ್ಲ. ಕೈ ತಿರುಗದೆ ಬಿಸಿನೀರಿನಲ್ಲಿರುವ ರೇಷ್ಮೆಗೂಡಿನಿಂದ ಎಳೆ ಹಿಡಿಯುವುದು ಹೇಗೆ?

ಲಾಯರಮ್ಮ ಪರಿಹಾರಕ್ಕೆ ಕೇಸು ಹಾಕಿದರು. ಟೆಂಪೊದ ವಿಮಾ ಕಂಪನಿಯ ವಕೀಲ ಹೊಸ ಎಕ್ಸ್‌ರೇ ಎತ್ತಿ ಹಿಡಿದ. "ಮೂಳೆ ಕೂಡಿದೆ ಸ್ವಾಮಿ. ಈಯಮ್ಮ ನಾಟಕ ಆಡ್ತಿದಾರೆ." ತುಂಬಿದ ಕೋರ್ಟಿನಲ್ಲಿ ನಾನು ಸುಳ್ಳುಗಾತಿಯಾದೆ.

ಹೊರಗೆ ಬಂದು ಲಾಯರಮ್ಮನಿಗೆ, "ಅಕ್ಕ, ಕಟ್ಟು ಹಾಕಿಸ್ಕೊಂಡಿದ್ದು ಹೇಳೋದೇ ಬೇಡ" ಅಂದೆ.

"ಹಂಗಾದ್ರೆ ಬೇರೆ ಲಾಯರ್ನ ನೋಡ್ಕೊ. ತಪ್ಪು ಮಾಡಿದೀಯ, ಸುಳ್ಳು ಹೇಳಿಲ್ಲ. ಎರಡನ್ನೂ ಕಲಸಬೇಡ."

ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನ್ ಮಾಡಿಸಿದರು. ಮೂಳೆಯ ಪದರು ಪದರು ಚಿತ್ರಗಳನ್ನು ಅಲ್ಲಿನ ಡಾಕ್ಟರು ಕಂಪ್ಯೂಟರಿನಲ್ಲಿ ಜೋಡಿಸಿ ಇಡೀ ಮಣಿಕಟ್ಟನ್ನೇ ಕಣ್ಣೆದುರು ನಿಲ್ಲಿಸಿದರು. ಲಾಯರಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, "ಇನ್ನೊಂದ್ಸಲ ಹೇಳಿ ಡಾಕ್ಟ್ರೇ, ನಾನು ದಡ್ಡಿ" ಅನ್ನುತ್ತ ಮೂರು ಭಾನುವಾರ ಪಾಠ ಹೇಳಿಸಿಕೊಂಡರು.

ಸಾಕ್ಷಿಯ ದಿನ, "ಏಮಮ್ಮಾ, ಹೆದ್ರಿದ್ಯಾ?" ಅಂದರು. ಹೆದರಿದ್ದೆ.

"ಇದು ಫೋಟೋನೇ ಅಲ್ಲ, ಕಂಪ್ಯೂಟರ್ ಬರೆದಿರೋ ಬೊಂಬೆ!" ಅಂತ ಕೋರ್ಟಿನಲ್ಲಿ ಆ ಚಿತ್ರ ನೋಡಿ ವಿಮಾ ವಕೀಲ ನಕ್ಕ.

"ಆ ಬೊಂಬೆ ಹೆಂಗ್ ಮಾಡಿದ್ರಿ, ಮೊದಲಿಂದ ತೋರಿಸಿ ಡಾಕ್ಟ್ರೇ" ಅಂದರು ಲಾಯರಮ್ಮ.

ಡಾಕ್ಟರು ಜಡ್ಜರ ಎದುರೇ ಪದರುಗಳನ್ನು ಜೋಡಿಸಿ ತಿರುಗಿಸಿದರು. ಮುಂದಿನಿಂದ ಮೂಳೆ ನುಣ್ಣಗಿತ್ತು. ಕೀಲಿನ ಕಡೆಯಿಂದ ನೋಡಿದರೆ ಒಂದು ಚೂರು ಮೆಟ್ಟಿಲಿನ ಹಾಗೆ ಕುಸಿದು ಕೂತಿತ್ತು.

"ಅದು ನಾಟಿ ಕಟ್ಟಿಂದ ಆಗಿರೋದು!" ವಕೀಲ ಎದ್ದ.

ಲಾಯರಮ್ಮ ತಾವೇ ಕೇಳಿದರು. "ಹೌದಾ ಡಾಕ್ಟ್ರೇ?"

"ಸರಿಯಾಗಿ ಕೂಡದೆ ಹೋಗಿದ್ದು ಕಟ್ಟಿಂದ ಇರಬಹುದು. ಒಡೆದಿದ್ದು ಅದರಿಂದ ಅಲ್ಲ. ಬಿದ್ದ ದಿನದ ಎಕ್ಸ್‌ರೇಲೇ ಇದೇ ಜಾಗದಲ್ಲಿ ಬಿರುಕು ಕಾಣುತ್ತೆ."

ಜಡ್ಜರು ಮುಂದಕ್ಕೆ ಬಾಗಿದರು. "ಇನ್ನೊಮ್ಮೆ ತಿರುಗಿಸಿ."

ಕಟ್ಟಿನ ತಪ್ಪಿಗೆ ಪರಿಹಾರದಲ್ಲಿ ಕಡಿತವಾಯಿತು. ಆಗಲಿ ಬಿಡಿ. ಆದರೆ ಅರ್ಜಿದಾರಳ ಮಾತು ನಂಬತಕ್ಕದ್ದು ಅಂತ ತೀರ್ಪಿನಲ್ಲಿತ್ತು. ಆ ಸಾಲನ್ನು ಲಾಯರಮ್ಮ ಕೋರ್ಟಿನ ವರಾಂಡದಲ್ಲಿ, ಆ ವಕೀಲ ದಾಟಿಹೋಗುವ ಹೊತ್ತಿಗೆ ಸರಿಯಾಗಿ, ಗಟ್ಟಿಯಾಗಿ ಓದಿದರು.

ಹೋದ ವರ್ಷ ಲಾಯರಮ್ಮ ತೀರಿಕೊಂಡರು. ಮುರುಗಮಲ್ಲದ ಹತ್ತಿರ ಅವರ ಹೊಲದಲ್ಲೇ ಮಣ್ಣು ಮಾಡಿದರು. "ಹೆಂಗಸ್ರು ಇಲ್ಲೇ ನಿಂತ್ಕೊಳ್ರಮ್ಮ" ಅಂದ ಒಬ್ಬ ಹಿರಿಯ.

"ನೀನ್ ನಿಂತ್ಕೊಳಪ್ಪ" ಅಂದು ಮುಂದೆ ಹೋದೆ. ಗುಂಡಿಗೆ ಹಾಕಲು ಎತ್ತಿದ ಮಣ್ಣು ಸೊಟ್ಟ ಕೈಯಲ್ಲಿ ಸೋರಿಹೋಗುತ್ತಿತ್ತು. ಮೂರು ಹಿಡಿ ಆಗುವ ತನಕ ಎಲ್ಲರನ್ನೂ ಕಾಯಿಸಿದೆ.